ಬೆಟಗೇರಿಯ ಮೂರು ಕೀಬೋರ್ಡುಗಳು

“ಅಣ್ಣಾರ, ನೀವು ಟೈಪ್ ಮಾಡಾಕತ್ತೀರೋ, ಕೀಬೋರ್ಡಿಗೆ ಎಣ್ಣಿ ತಿಕ್ಕಾಕತ್ತೀರೋ? ನನ್ನ ಬಸ್ ಹೊಕ್ಕೈತ್ರಿ!”

ಮಹೆಕ ಅಂದದ್ದು ಬೆಟಗೇರಿಯ ಅಮೃತವ್ವನ ಡಿಟಿಪಿ ಅಂಗಡಿಗಷ್ಟೇ ಅಲ್ಲ, ಪಕ್ಕದ ಗಿರಮಿಟ್ಟಿನ ಗಾಡಿಗೂ ಕೇಳಿಸಿತು. ಬಿಸಿಎ ಕೊನೆಯ ವರ್ಷ, ಊರು ಲಕ್ಷ್ಮೇಶ್ವರ, ದಿನಾ ಬಸ್ಸಿನಲ್ಲಿ ಗದಗಿಗೆ ಬಂದುಹೋಗುವ ಹುಡುಗಿ. ಪ್ರಾಜೆಕ್ಟ್ ವರದಿಗೆ ಕನ್ನಡದ ಮುಖಪುಟವೊಂದು ಬೇಕಿತ್ತು, ಅಷ್ಟೇ. ಬಂದಾಗಿನಿಂದ ಕುಳಿತಲ್ಲಿ ಕುಳಿತಿರಲಿಲ್ಲ. ಸ್ಟೂಲಿನಿಂದ ಎದ್ದಳು, ಬಾಗಿಲಿಗೆ ಹೋದಳು, ವಾಪಸ್ ಬಂದಳು, ಫೋನ್ ತೆಗೆದಳು, ಏನೂ ನೋಡದೆ ಮುಚ್ಚಿದಳು.

ಆಪರೇಟರ್ ಹುಡುಗ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಸ್ವಲ್ಪ ಕೆಂಪಾಯಿತು. ಎಂಟರ್ ಒತ್ತಬೇಕಾದಾಗಲೆಲ್ಲ ಎಡಗೈಯನ್ನು ಆ ಕಡೆಯವರೆಗೆ ದಾಟಿಸಿ ತರುತ್ತಿದ್ದ, ನದಿ ದಾಟುವವರ ಹಾಗೆ. ಪ್ರಿಂಟ್ ಬಂತು. ಹಾಳೆಯನ್ನು ಬಲಗೈಯಲ್ಲಿ ಹಿಡಿದು ಚಾಚಿದ.

ಆಗ ಕಂಡಿತು. ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು, ಎರಡೂ ಅಂಗೈ ಕಡೆಗೆ ಮಡಚಿಕೊಂಡೇ ಇದ್ದವು. ಯಾರಿಗೂ ತೋರಿಸಬಾರದ ಏನನ್ನೋ ಒಳಗೆ ಮುಚ್ಚಿಟ್ಟುಕೊಂಡಂತೆ.

“ಕಾರ್ಡ್ ಕಟಿಂಗ್ ಮಷಿನ್‌ನ್ಯಾಗ ಸಿಕ್ಕಿತ್ರಿ,” ಎಂದ, ನಗುತ್ತಲೇ. “ಎಣ್ಣಿ ತಿಕ್ಕಿ ನೋಡೀನ್ರಿ. ಕೀಬೋರ್ಡಿಗೂ, ಬೆರಳಿಗೂ.”

ಮಹೆಕ ಹಾಳೆ ತೆಗೆದುಕೊಂಡು, ದುಡ್ಡು ಎಣಿಸದೆ ಗಲ್ಲಾದ ಮೇಲಿಟ್ಟು ಹೊರಬಿದ್ದಳು. ಅಷ್ಟರಲ್ಲಿ ಬಸ್ಸು ಹೋಗಿತ್ತು. ನೇರ ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ಶಿರಹಟ್ಟಿ ಸುತ್ತಿಕೊಂಡು ಹೋಗುವ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಮೆಣಸಿನ ಹೊಲಗಳು ಓಡುತ್ತಿದ್ದವು. ಅವಳ ಕಣ್ಣೆದುರು ಮಾತ್ರ ಆ ಎರಡು ಬೆರಳು. ಮತ್ತೆ ಆ ನಗು. ಅಷ್ಟು ಬೈಸಿಕೊಂಡೂ ಹಾಗೆ ನಗುತ್ತಾರೇನು ಯಾರಾದರೂ?

ಮತ್ತೆ, ಛೀ, ಅಣ್ಣಾರ ಅಂದೆನಲ್ಲ.

ಮರುದಿನ ಕ್ಲಾಸು ಮುಗಿಯುವ ಮೊದಲೇ ಅಂಗಡಿಯಲ್ಲಿದ್ದಳು.

“ನಿಮ್ಮ ಬೆರಳ ಸರಿ ಮಾಡಾಕ ನನಗ ಬರೂದಿಲ್ಲ,” ಎಂದಳು, ಉಸಿರು ಕಟ್ಟಿ ಓಡಿಬಂದವಳಂತೆ. “ಕೀಬೋರ್ಡ್ ಸರಿ ಮಾಡಾಕ ಬರತೈತಿ.”

“ಕೀಬೋರ್ಡ್ ಸರಿನ ಐತಲ್ರಿ?”

“ಇಲ್ಲ. ನಿಮ್ಮ ಕೈಗೆ ಸರಿ ಇಲ್ಲ. ಕೀ ಮ್ಯಾಪ್ ಬದಲ್ ಮಾಡೂ ಸಾಫ್ಟ್‌ವೇರ್ ಇರತಾವು. ಈ ಕೀ ಒತ್ತಿದ್ರ ಆ ಕೀ ಒತ್ತಿದಂಗ ತಿಳ್ಕೋ ಅಂತ ಕಂಪ್ಯೂಟರಿಗೆ ಹೇಳೂದು. ಕ್ಯಾಪ್ಸ್ ಲಾಕ್ ನಿಮಗೇನ ಉಪಯೋಗ? ಅದನ್ನ ಬ್ಯಾಕ್‌ಸ್ಪೇಸ್ ಮಾಡೂಣು. ಸ್ಪೇಸ್ ಬಾರ್ ಬಾಜು ಐತಲ್ಲ, ಆಲ್ಟ್, ಅದು ಹೆಬ್ಬೆರಳಿಗೆ ಹತ್ರ. ಅದನ್ನ ಎಂಟರ್ ಮಾಡೂಣು. ಬಲಗಡೆ ಮೂಲ್ಯಾಗಿನ ಅಕ್ಷರ ಎಲ್ಲಾ ಎಡಗಡೆ ತರೂಣು.”

ಗಲ್ಲಾದ ಹಿಂದಿನಿಂದ ಅಮೃತವ್ವ ಕನ್ನಡಕ ಏರಿಸಿದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿದ ಹೆಂಗಸು. ಮಾತು ಕತ್ತರಿ ಇದ್ದ ಹಾಗೆ. “ಮಾಡವಾ ಮಾಡು. ಲಗ್ನದ ಸೀಜನ್ ಬಂದು ಬಾಗಲಾಗ ನಿಂತೈತಿ. ಅಝೀಮನ ಸ್ಪೀಡ್ ಹಿಂಗ ಇತ್ತಂದ್ರ ಮುಂಡರಗಿಯಿಂದ ಆಪರೇಟರ್ ಪರಶುರಾಮನ್ನ ಕರಸ್ತೀನಿ. ಹೇಳಿಟ್ಟೇನಿ ಅವಗ. ನನಗೇನ ಸಂತೋಷ ಇಲ್ಲ ಮತ್ತ.”

ಅಝೀಮ. ಹೆಸರು ಗೊತ್ತಾಯಿತು. ಅದರ ಜೊತೆಗೇ ಇವನ ಕೆಲಸ ಹೋಗಲಿದೆ ಎಂಬುದೂ ಗೊತ್ತಾಯಿತು. ಮಹೆಕಳ ಎದೆಯಲ್ಲಿ ಎರಡೂ ಒಟ್ಟಿಗೇ ಬಂದು ಕುಳಿತವು.

ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇದ್ದವು, ಮೂರೂ ಮೂರು ಜಾತಿ. ಸಾದಾ ಕೆಲಸಕ್ಕೆ ವಿಂಡೋಸ್. ಬಣ್ಣದ ಲಗ್ನಪತ್ರಿಕೆಗೆ ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ತಂದ ಮ್ಯಾಕ್. ಆನ್‌ಲೈನ್ ಅರ್ಜಿ ತುಂಬಲು ಒಂದು ಹಳೆಯ ಡಬ್ಬಿ. ಅದಕ್ಕೆ ಅಮೃತವ್ವನ ಅಳಿಯ ಪುಕ್ಕಟೆ ಸಿಗುತ್ತದೆಂದು ಲಿನಕ್ಸ್ ಹಾಕಿಕೊಟ್ಟಿದ್ದ. ಯಾವ ಗಿರಾಕಿ ಬಂದರೆ ಯಾವುದಕ್ಕೆ ಕೂರಬೇಕಾಗುತ್ತದೋ ಹೇಳಲಾಗದು. ಹಾಗಾಗಿ ಮೂರಕ್ಕೂ ಹಾಕಬೇಕು.

ಮಹೆಕ ಮನಸ್ಸು ಮಾಡಿದ್ದರೆ ಒಂದೇ ಮಧ್ಯಾಹ್ನದಲ್ಲಿ ಮೂರನ್ನೂ ಮುಗಿಸುತ್ತಿದ್ದಳು.

“ಒಂದೊಂದ ಓಎಸ್ ಒಂದೊಂದ ಥರಾ ಇರತೈತ್ರಿ,” ಎಂದಳು, ಡಾಕ್ಟರರ ಗಂಭೀರತೆ ತಂದುಕೊಂಡು. “ಅವಸರ ಮಾಡಬಾರದು. ಒಂದು ಆದಮ್ಯಾಲೆ ಒಂದು.”

ಅವಸರ ಮಾಡಬಾರದು! ಈ ಮಾತು ಅವಳ ಬಾಯಿಂದ ಬಂದದ್ದು ಅವಳ ಅಪ್ಪ ಕೇಳಿದ್ದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದ.

ಮೊದಲು ವಿಂಡೋಸ್. ಹಾಕುವ ಮುಂಚೆ ಅವನು ಹೇಗೆ ಟೈಪ್ ಮಾಡುತ್ತಾನೆಂದು ನೋಡಬೇಕಲ್ಲ. “ಟೈಪ್ ಮಾಡ್ರಿ, ನಾ ಬೆರಳ ನೋಡ್ತೀನಿ,” ಎಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಅವನು ಎರಡು ಸಾಲು ಹೊಡೆದ. ಮೂರನೆಯ ಸಾಲಿಗೆ ಎಲ್ಲ ತಪ್ಪು.

“ಏನಾತ್ರಿ?”

“ನೀವು ಹಂಗ ನೋಡಿದ್ರ ಹೆಂಗ ಹೊಡೀಬೇಕ್ರಿ?”

“ನಾ ಬೆರಳ ನೋಡಾಕತ್ತೇನಿ.”

“ಈಗ ನೋಡ್ತಿದ್ದದ್ದು ಬೆರಳಲ್ರಿ.”

ಅವಳು ತಟ್ಟನೆ ಮಾನಿಟರಿನ ಕಡೆ ತಿರುಗಿದಳು. ಅಲ್ಲೂ ಅವನೇ. ಕಪ್ಪು ಅಂಚಿನ ಗಾಜಿನಲ್ಲಿ ಅವನ ಮುಖ, ತುಟಿ ಕಚ್ಚಿ ನಗು ತಡೆದುಕೊಂಡದ್ದು ಚೆನ್ನಾಗಿ ಕಾಣುತ್ತಿತ್ತು. ಆ ಪ್ರತಿಬಿಂಬದಲ್ಲೇ ಕಣ್ಣು ಕೂಡಿದವು. ಇಬ್ಬರೂ ಒಟ್ಟಿಗೇ ಫ್ಯಾನಿನ ಕಡೆ ನೋಡಿದರು, ಅದರಲ್ಲಿ ಏನೋ ಕೆಟ್ಟಿದೆಯೆಂಬಂತೆ.

ವಿಂಡೋಸ್ ಪಾಪ, ಏನು ಕೇಳಿದರೂ ಹೂಂ ಅಂದಿತು. ಯಾವ ಕೀಗೆ ಯಾವ ಕೀ ಎಂದು ಆರಿಸಿ ಸೇವ್ ಕೊಟ್ಟು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು. ಅಝೀಮ ಹೆಬ್ಬೆರಳಿನಿಂದ ಆಲ್ಟ್ ಒತ್ತಿದ. ಕರ್ಸರ್ ಕೆಳಗಿನ ಸಾಲಿಗೆ ಹಾರಿತು. ಮತ್ತೆ ಒತ್ತಿದ. ಮತ್ತೆ ಹಾರಿತು. ಪುಟವಿಡೀ ಖಾಲಿ ಸಾಲು ತುಂಬುವವರೆಗೂ ಒತ್ತುತ್ತಲೇ ಇದ್ದ.

ಆ ದಿನ ಬಸ್ಸಿನಲ್ಲಿ ಮಹೆಕಳಿಗೆ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ.

ಮ್ಯಾಕ್ ಬೇರೆ ಥರ. ಆ್ಯಪ್ ಇಳಿಸಿ ಹಾಕಿದ ಮೇಲೂ ಅದು ಸುಮ್ಮನೆ ಕುಳಿತಿತ್ತು. ಸೆಟ್ಟಿಂಗಿಗೆ ಹೋಗಿ, ಈ ಆ್ಯಪ್ ಕೀಬೋರ್ಡ್ ನೋಡಬಹುದು ಎಂದು ಟಿಕ್ ಹಾಕಿ, ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡ್ ಅಝೀಮನಿಗೆ ಮತ್ತು ಅಮೃತವ್ವನಿಗೆ ಮಾತ್ರ ಗೊತ್ತು.

“ಭಾಳ ಸೊಕ್ಕ ಐತ್ರಿ ಇದಕ್ಕ,” ಎಂದ ಅಝೀಮ.

“ಸೊಕ್ಕಲ್ಲ, ಮರ್ಯಾದಿ. ಕೇಳದ ಯಾರನ್ನೂ ಒಳಗ ಬಿಡೂದಿಲ್ಲ.”

“ನಿಮ್ಮಂಗ?”

“ನಾ ಯಾವಾಗ ಕೇಳ್ದವರನ್ನ ಒಳಗ ಬಿಟ್ಟಿಲ್ಲ?” ಅಂದುಬಿಟ್ಟಳು. ಅಂದ ಮೇಲೆ ಅರ್ಥವಾಯಿತು ಏನಂದೆನೆಂದು. ಬ್ಯಾಗು ಎತ್ತಿಕೊಂಡು, “ಬಸ್ ಬಂತು,” ಎಂದು ಓಡಿದಳು. ಯಾವ ಬಸ್ಸೂ ಬಂದಿರಲಿಲ್ಲ.

ಕಾಲೇಜಿನಲ್ಲಿ ಗೆಳತಿ ಸಪ್ನಾ ಮೂಗಿನ ಮೇಲೆ ಬೆರಳಿಟ್ಟಳು. “ಲೇ, ಒಂದ ಸಾಫ್ಟ್‌ವೇರ್ ಹಾಕಾಕ ಎಷ್ಟ ದಿನಾ? ನೀ ಏನು ಆ ಅಂಗಡಿಗೆ ಹೊಸಾ ಗ್ವಾಡಿ ಕಟ್ಟಾಕತ್ತೀಯೇನು?”

“ಮೂರು ಓಎಸ್ ಅದಾವು!”

“ಹುಡುಗ ಒಬ್ಬನ ಅಲ್ಲ?”

ಮಹೆಕ ಪುಸ್ತಕದಿಂದ ಹೊಡೆದಳು. ಆದರೆ ಸಪ್ನಾ ಮುಂದೆ ಅಂದ ಮಾತಿಗೆ ಹೊಡೆಯಲಾಗಲಿಲ್ಲ. “ಮುಂದಿನ ವಾರ ಪರೀಕ್ಷಾ ಮುಗೀತಾವು. ಆಮ್ಯಾಲೆ ಏನಂತ ಹೇಳಿ ಗದಗಿಗೆ ಬರ್ತಿ?”

ಹೌದು. ಕಾಲೇಜು ಮುಗಿದರೆ ಬಸ್ ಪಾಸೂ ಮುಗಿದಂತೆ. ಆಮೇಲೆ ಲಕ್ಷ್ಮೇಶ್ವರದ ಮನೆ, ಅಡುಗೆಮನೆ, ತಾರಸಿ, ಮತ್ತೆ ಅಡುಗೆಮನೆ. ಮಹೆಕಳಿಗೆ ಊಟ ಸೇರದಾಯಿತು. ಓದಲು ಕುಳಿತರೆ ಪುಟದ ಮೇಲೆ ಬೆರಳುಗಳು ಓಡಾಡುತ್ತಿದ್ದವು. ಫೋನಿನಲ್ಲಿ ಅವನ ನಂಬರ್ ಇತ್ತು, ಅಮೃತವ್ವನ ಅಂಗಡಿ ಎಂಬ ಹೆಸರಿನಲ್ಲಿ. ಮೆಸೇಜ್ ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ಕೊನೆಗೆ ಕಳಿಸಿದ್ದು: ಕೀಬೋರ್ಡ್ ಸರಿ ಐತಿ?

ಉತ್ತರ ಕೂಡಲೇ ಬಂತು. ಇಲ್ರಿ. ಮ್ಯಾಕ್ ಮತ್ತ ಕೆಟ್ಟೈತಿ.

ಇಷ್ಟು ಕೆಟ್ಟ ಸುದ್ದಿಗೆ ಯಾರೂ ಇಷ್ಟು ಖುಷಿಪಟ್ಟಿರಲಿಕ್ಕಿಲ್ಲ.

ಹೋಗಿ ನೋಡಿದರೆ ಟಿಕ್ ಹೋಗಿತ್ತು. ಹಾಕಿ ಬಂದಳು. ಎರಡು ದಿನ ಬಿಟ್ಟು ಮತ್ತೆ ಹೋಗಿತ್ತು. ಅಪ್ಡೇಟ್ ಆಗಿರಬೇಕು ಎಂದುಕೊಂಡಳು. ಮನಸ್ಸಿಗೆ ಬೇಕಾದದ್ದನ್ನು ನಂಬುವುದು ಎಷ್ಟು ಸುಲಭ!

ಆ ಹೊತ್ತಿಗೆ ಲಿನಕ್ಸ್ ಸರದಿಯೂ ಬಂದಿತ್ತು. ಅದಕ್ಕೆ ಬಟನ್ನು ಒತ್ತಿ ಹಾಕುವ ಭಾಗ್ಯವಿಲ್ಲ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕು, ಒಂದು ಫೈಲಿನಲ್ಲಿ ಯಾವ ಕೀ ಏನಾಗಬೇಕೆಂದು ಬರೆಯಬೇಕು, ಆಮೇಲೆ ಅದನ್ನು ಶುರು ಮಾಡಬೇಕು. ಮಹೆಕ ಬರೆದಳು, ಶುರು ಮಾಡಿದಳು. ಪಕ್ಕದಲ್ಲಿದ್ದವನ ಸೋಪಿನ ವಾಸನೆಯಲ್ಲಿ ಒಂದು ಸಾಲು ಎಲ್ಲೋ ತಪ್ಪಿತ್ತು. ಇಡೀ ಕೀಬೋರ್ಡ್ ಮೂಕವಾಯಿತು. ಏನು ಒತ್ತಿದರೂ ಏನೂ ಬರಲಿಲ್ಲ.

“ಸತ್ತೋತ್ರಿ?” ಎಂದ ಅಝೀಮ.

“ಇಲ್ಲ, ಇಲ್ಲ. ಇದಕ್ಕ ಒಂದು ಉಪಾಯ ಐತಿ. ಎಸ್ಕೇಪ್, ಬ್ಯಾಕ್‌ಸ್ಪೇಸ್, ಎಂಟರ್, ಮೂರೂ ಒಮ್ಮೆ ಒತ್ತಿದ್ರ ಆ ಸಾಫ್ಟ್‌ವೇರ್ ಬಂದ್ ಆಗತೈತಿ.” ಅವಳ ಎಡಗೈಯಲ್ಲಿ ಫೋನ್ ಇತ್ತು, ಅದರಲ್ಲಿ ಓದುತ್ತಿದ್ದಳು. “ನೀವು ಎಸ್ಕೇಪ್ ಒತ್ತರಿ. ಎಂಟರ್ ನಾ ಒತ್ತತೀನಿ. ಬ್ಯಾಕ್‌ಸ್ಪೇಸ್...”

ಅವನ ಎಡಗೈ ಎಸ್ಕೇಪ್ ಮೇಲೆ. ಬಲಗೈಯ ತೋರುಬೆರಳು ಬ್ಯಾಕ್‌ಸ್ಪೇಸಿಗೆ ಬಂತು. ಎಂಟರ್ ಅದರ ಕೆಳಗೇ. ಅವಳ ಬೆರಳು ಅಲ್ಲಿ ಇಳಿಯಬೇಕಾದರೆ ಅವನ ಮಡಚಿದ ಬೆರಳುಗಳ ಕೆಳಗೆ ನುಸುಳಬೇಕು. ನುಸುಳಿತು. ಆ ಎರಡು ಬೆರಳು ಅವಳ ಕೈಯ ಮೇಲೆ ಬಂದು ಕುಳಿತವು, ಬೆಚ್ಚಗೆ.

“ಒತ್ತೂಣ್ರಿ?”

“ಹೂಂ.”

ಇಬ್ಬರೂ ಒತ್ತಿದರು. ಕೀಬೋರ್ಡಿಗೆ ಜೀವ ಬಂತು. ಇಬ್ಬರೂ ಕೈ ತೆಗೆಯಲಿಲ್ಲ. ಪರದೆಯ ತುಂಬ ಖಾಲಿ ಸಾಲುಗಳು ಓಡುತ್ತಿದ್ದವು.

“ಏನು, ಇನ್ನೂ ಒತ್ತಾಕತ್ತೀರೇನು?” ಎಂದಳು ಅಮೃತವ್ವ ಗಲ್ಲಾದಿಂದ.

ಇಬ್ಬರೂ ಮನೆಯಲ್ಲಿ ಉರ್ದು ಆಡುವವರೇ. ಆದರೆ ಮೊದಲ ಜಗಳ ಕನ್ನಡದಲ್ಲಿ ಆಗಿತ್ತಲ್ಲ, ಹಾಗಾಗಿ ಮಾತೂ ಕನ್ನಡದಲ್ಲೇ ಉಳಿದಿತ್ತು. ಮನೆಯ ಭಾಷೆ ಆಡಿದರೆ ತೀರಾ ಹತ್ತಿರ ಬಂದುಬಿಡುತ್ತೇವೆ ಎಂಬ ಅಂಜಿಕೆ ಇಬ್ಬರಿಗೂ ಇತ್ತೋ ಏನೋ.

ಕೊನೆಯ ಪರೀಕ್ಷೆಯ ದಿನ ಫೋನ್ ಅಮೃತವ್ವನಿಂದ ಬಂತು. “ಏ ಹುಡುಗಿ, ಎಲ್ಲಿದ್ದೀ? ಡಂಬಳದ ಗಾಳೆಪ್ಪ ಬೆಳಿಗ್ಗಿಂದ ಬಂದು ಬೆಂಚಿನ ಮ್ಯಾಲೆ ಕುಂತಾನ. ಮಗಳ ಲಗ್ನಪತ್ರಿಕೆ ಇವತ್ತ ಸಂಜಿಗೆ ಪ್ರೆಸ್ಸಿಗೆ ಹೋಗಬೇಕು. ಆ ಮ್ಯಾಕ್ ಮತ್ತ ಸತ್ತೈತಿ. ಇವನ ಕೈ ಓಡವಲ್ದು. ಇವತ್ತ ಇದು ಆಗಲಿಲ್ಲಂದ್ರ ನಾಳೆ ಪರಶುರಾಮ ಬರ್ತಾನ ನೋಡು. ಮುಗೀತು.”

ಮಹೆಕ ಪರೀಕ್ಷೆಯ ಪೆನ್ನು ಕೈಯಲ್ಲೇ ಹಿಡಿದು ಆಟೋ ಹತ್ತಿದಳು.

ಅಂಗಡಿಯಲ್ಲಿ ಗಾಳೆಪ್ಪ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಪತ್ರಿಕೆಯ ಕೆಳಗೆ ಬರುವ ಬಂಧುಗಳ ಹೆಸರು ಎಂದರೆ ನಮ್ಮ ಕಡೆ ಸಣ್ಣ ವಿಷಯವಲ್ಲ. ಒಬ್ಬ ಸೋದರಮಾವನ ಹೆಸರು ಬಿಟ್ಟರೆ ಮೂರು ಮನೆ ಲಗ್ನಕ್ಕೆ ಬರುವುದಿಲ್ಲ. ಗಾಳೆಪ್ಪ ಬೆಳಗಿನಿಂದ ಹೆಸರು ಸೇರಿಸುತ್ತ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿಸುತ್ತ ಇದ್ದ. ಅಝೀಮನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಎಡಗೈ ಮತ್ತೆ ನದಿ ದಾಟುತ್ತಿತ್ತು.

ಮಹೆಕ ಮ್ಯಾಕ್ ಮುಂದೆ ಬಾಗಿದಳು. ಸೆಟ್ಟಿಂಗ್ ತೆಗೆದಳು. ಈ ಸಲ ಬರೀ ಟಿಕ್ ಅಲ್ಲ. ಆ್ಯಪ್ಪೇ ಇರಲಿಲ್ಲ.

ಆ್ಯಪ್ ತಾನಾಗಿ ಎದ್ದು ಹೋಗುವುದಿಲ್ಲ. ಟಿಕ್ ಕೂಡ ತಾನಾಗಿ ಹೋಗುವುದಿಲ್ಲ, ಅದಕ್ಕೆ ಪಾಸ್‌ವರ್ಡ್ ಬೇಕು. ಇಷ್ಟು ದಿನ ನೋಡದೆ ಬಿಟ್ಟದ್ದು ಈಗ ಕಣ್ಣಿಗೆ ಹೊಡೆದು ಕಂಡಿತು. ಗಾಳೆಪ್ಪ, ಅಮೃತವ್ವ ಎದುರಿಗೇ ಇದ್ದಾರೆ. ಮಹೆಕ ದನಿ ತಗ್ಗಿಸಿ, ಅವನೊಡನೆ ಮೊದಲ ಸಲ ಉರ್ದುವಿಗೆ ತಿರುಗಿದಳು.

“ತುಮೀಚ್ ನಿಕಾಲೇ ನಾ?” ನೀವೇ ತೆಗೆದಿರಿ, ಹೌದಲ್ಲ?

ಅಝೀಮ ತಲೆ ತಗ್ಗಿಸಿದ.

“ಕಾಯ್ಕು?”

ಯಾಕೆಂದು ಕೇಳಿದ ಆ ಒಂದೇ ಮಾತಿಗೆ ಅವನು ಕೀಬೋರ್ಡಿನಿಂದ ಕೈ ತೆಗೆದ. ಆಮೇಲೆ ಅದೇ ಭಾಷೆಯಲ್ಲಿ, ಪರದೆ ನೋಡುತ್ತಲೇ, ಒಂದೇ ಉಸಿರಿಗೆ ಹೇಳಿದ. ಎಲ್ಲ ಸರಿಯಾಗಿಬಿಟ್ಟರೆ ನೀವು ಬರುವುದಿಲ್ಲ. ಟಿಕ್ ತೆಗೆದರೆ ಒಂದು ಸಲ ಬರುತ್ತೀರಿ. ಇವತ್ತು ನಿಮ್ಮ ಪರೀಕ್ಷೆ ಮುಗಿಯುತ್ತದೆ ಎಂದು ಗೊತ್ತಿತ್ತು, ಅದಕ್ಕೆ ಪೂರಾ ತೆಗೆದೆ. ಈ ಗಾಳೆಪ್ಪ ಇವತ್ತೇ ಬರುತ್ತಾನೆಂದು ಗೊತ್ತಿರಲಿಲ್ಲ. ಬಂದ ಮೇಲೆ ಮತ್ತೆ ಹಾಕಲು ನೋಡಿದೆ, ನನಗೆ ಬರಲಿಲ್ಲ.

“ಕೆಲಸ ಹೋಗುತ್ತಲ್ಲ!” ಅವಳ ಕಣ್ಣಲ್ಲಿ ನೀರು, ಸಿಟ್ಟಿನದೋ ಬೇರೆಯದೋ. “ಹೊಟ್ಟೆಗೆ ಏನು ತಿನ್ನುತ್ತೀರಿ? ನಿಮಗೆ ಬುದ್ಧಿ ಇಲ್ಲ. ಒಂದಿಷ್ಟೂ ಇಲ್ಲ.”

“ಇಲ್ಲ,” ಎಂದ ಅವನು. “ನೀವು ಬರಲು ಶುರು ಮಾಡಿದಾಗಿನಿಂದ ಇಲ್ಲ.”

ಅವಳಿಗೆ ಇನ್ನೂ ಬೈಯಬೇಕಿತ್ತು. ಬಾಯಿಗೆ ಬಂದದ್ದು ಬೇರೆ. “ಮೂರೂ ಕಂಪ್ಯೂಟರ್ ಒಂದೇ ಮಧ್ಯಾಹ್ನ ಆಗುತ್ತಿತ್ತು. ನಾನೇ ಎಳೆದೆ.”

ಅವನು ನಿಧಾನಕ್ಕೆ ತಲೆ ಎತ್ತಿದ. ಮಾನಿಟರಿನ ಗಾಜಿನಲ್ಲಲ್ಲ, ನೇರವಾಗಿ ಅವಳ ಮುಖವನ್ನೇ ನೋಡಿದ.

“ತಂಗಿ,” ಎಂದ ಗಾಳೆಪ್ಪ ಬೆಂಚಿನಿಂದ. “ನಾ ಉಳ್ಳಾಗಡ್ಡಿ ಯಾಪಾರದವ. ಅರ್ಧಾ ಮಾರ್ಕೆಟ್ಟು ಉರ್ದುದಾಗ ನಡೀತೈತಿ. ನೀವು ಕನ್ನಡದಾಗ ಮಾತಾಡಿದ್ರ ನಾ ಲಕ್ಷ್ಯ ಕೊಡ್ತಿದ್ದಿಲ್ಲ. ಭಾಷಾ ಬದಲಾದ ಕೂಡ್ಲೇ ಏನೋ ಐತಿ ಅಂತ ಕಿವಿ ಕೊಟ್ಟೆ.”

ಮಹೆಕಳಿಗೆ ಮೇಜಿನ ಕೆಳಗೆ ಹೋಗಿ ವೈರುಗಳ ನಡುವೆ ಇದ್ದುಬಿಡೋಣ ಅನಿಸಿತು.

“ನನಗೂ ಬರತೈತಿ,” ಎಂದಳು ಅಮೃತವ್ವ, ಕನ್ನಡಕ ಒರೆಸುತ್ತ. “ಬಾಜು ಮನಿ ಮಾಸುಮಬಿ ಇವನವ್ವ. ಅಕಿ ಕೂಡ ಜಗಳಾಡಿ ಜಗಳಾಡಿ ಕಲ್ತೇನಿ. ಅಝೀಮ, ನನ್ನ ಮಷಿನ್ ಕೆಡಸಿ ಹುಡುಗಿನ್ನ ಕರಸ್ತೀಯಾ? ಲೇ, ಅದಕ್ಕ ನಾ ಪಗಾರ ಕೊಡಬೇಕೇನ?”

“ತಪ್ಪಾತ್ರಿ ಅವ್ವಾರ.”

“ತಪ್ಪ ಆಮ್ಯಾಲೆ. ಪ್ರೀತಿ ಅದರ ಆಮ್ಯಾಲೆ. ಮೊದಲ ಕಾರ್ಡು. ಸಂಜಿಗೆ ಪ್ರೆಸ್ಸಿಗೆ ಹೋಗಲಿಲ್ಲಂದ್ರ ಪರಶುರಾಮಗ ಫೋನ್ ಮಾಡ್ತೀನಿ, ಖರೆ ಹೇಳಾಕತ್ತೇನಿ.”

ಮಹೆಕ ಆ್ಯಪ್ ಇಳಿಸಿದಳು. ನೆಟ್ ಆಮೆಯಂತೆ ತೆವಳಿತು. ಅವಳು ಪರದೆಗೆ ಉಗುರಿನಿಂದ ಕುಟ್ಟಿದಳು. ಟಿಕ್ ಹಾಕಿದಳು. ಪಾಸ್‌ವರ್ಡನ್ನು ಅಮೃತವ್ವನೇ ಎದ್ದು ಬಂದು ಕೊಟ್ಟಳು, ಕೊಡುವಾಗ ಅಝೀಮನ ತಲೆಗೆ ಮೊಟಕಿದಳು. “ನಾಳೆನ ಇದನ್ನ ಬದಲಿ ಮಾಡ್ತೀನಿ.”

ಆಮೇಲೆ ಅಝೀಮ ಹೊಡೆಯತೊಡಗಿದ. ಗಾಳೆಪ್ಪ ಹೆಸರು ಹೇಳುತ್ತಿದ್ದ, ಮಹೆಕ ತಿದ್ದಿ ಓದುತ್ತಿದ್ದಳು, ಆ ಕೈಗಳು ಹಾರುತ್ತಿದ್ದವು. ಹೆಬ್ಬೆರಳು ಎಂಟರ್ ಕುಟ್ಟುತ್ತಿತ್ತು. ಬಲಗೈ ತನ್ನ ಜಾಗ ಬಿಟ್ಟು ಹೋಗಬೇಕಾಗಲೇ ಇಲ್ಲ. ಮಡಚಿದ ಬೆರಳುಗಳು ತಮ್ಮ ಪಾಡಿಗೆ ಮಲಗಿದ್ದವು. ಮಹೆಕ ಎರಡು ಸಲ ಸಾಲು ತಪ್ಪಿ ಓದಿದಳು.

“ತಂಗಿ, ಕಾಗದ ನೋಡವಾ,” ಎಂದ ಗಾಳೆಪ್ಪ. “ಅವ ಎಲ್ಲೂ ಓಡಿ ಹೋಗೂದಿಲ್ಲ. ಹಾಂ, ನಮ್ಮ ಷಡ್ಡಕನ ಹೆಸರ ಒಂದ ಸಾಲ ಮ್ಯಾಲೆ ತರ್ರಿ. ಬ್ಯಾಡ, ಕೆಳಗ ಇರಲಿ. ಕುಡುದು ಬರ್ತಾನ ಅವ.”

ಬಿಸಿಲು ಹೊಸ್ತಿಲು ದಾಟುವ ಮುಂಚೆ ಕಾರ್ಡು ಪ್ರೆಸ್ಸಿಗೆ ಹೋಯಿತು. ಅಮೃತವ್ವ ಫೋನ್ ತೆಗೆದಳು. “ಪರಶುರಾಮ, ಬರೂದ ಬ್ಯಾಡೋ ತಮ್ಮಾ. ಇಲ್ಲೆ ಒಬ್ಬ ಹುಚ್ಚ ಅದಾನ, ಅವನ ಸಾಕು.”

ಬಸ್ ಸ್ಟ್ಯಾಂಡಿನವರೆಗೆ ಅಝೀಮ ಜೊತೆಗೆ ಬಂದ. ಇಬ್ಬರ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ ಬಿಟ್ಟುಕೊಂಡೇ.

“ನಾಳೆಯಿಂದ ನಾ ಬರಾಕ ಆಗೂದಿಲ್ಲ,” ಎಂದಳು.

“ನಾ ಬರ್ತೀನಿ. ಶುಕ್ರವಾರ. ಅವ್ವನ್ನ ಕರ್ಕೊಂಡು.”

“ಏನಂತ ಹೇಳಿ ಬರ್ತೀರಿ?”

“ಏನೂ ನೆವಾ ಹೇಳೂದಿಲ್ರಿ. ಇದ್ದದ್ದ ಹೇಳ್ತೀನಿ.”

ಹೇಳುವುದು ಸುಲಭ. ಶುಕ್ರವಾರದವರೆಗೆ ಮಹೆಕ ಮನೆಯ ಪಾತ್ರೆಗಳನ್ನೆಲ್ಲ ಮೂರು ಸಲ ತೊಳೆದಳು. ಅಪ್ಪ ದಸ್ತಗೀರಸಾಬನದು ಗಾದಿ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಹತ್ತಿ ಹಿಂಜುವುದು, ಗಾದಿ ಹೊಲಿಯುವುದು. ಮಾತು ಕಡಿಮೆ. ಹುಬ್ಬಿನ ಮೇಲೆ ಸದಾ ಹತ್ತಿ. ಆ ಮುಖ ನೋಡಿ ಎಷ್ಟೋ ಗಿರಾಕಿಗಳು ಕೇಳಬೇಕಾದ್ದು ಮರೆತು ಹೋಗಿದ್ದುಂಟು.

ನಮಾಜು ಮುಗಿದ ಮೇಲೆ ಅವರು ಬಂದರು. ಮಹೆಕ ಒಳಕೋಣೆಯ ಪರದೆಯ ಹಿಂದೆ. ಮಾಸುಮಬಿ ಚಾಪೆಯ ಮೇಲೆ ಕುಳಿತಳು. ಅಝೀಮ ಇಸ್ತ್ರಿ ಅಂಗಿಯಲ್ಲಿ ನಿಂತೇ ಇದ್ದ, ಬಲಗೈ ಬೆನ್ನ ಹಿಂದೆ.

“ಬರ್ರಿ,” ಎಂದ ದಸ್ತಗೀರಸಾಬ, ಹತ್ತಿಯಿಂದ ತಲೆ ಎತ್ತದೆ, ಗಿರಾಕಿಗಳೊಡನೆ ಆಡುವ ಕನ್ನಡದಲ್ಲೇ. “ಗಾದಿ ಬೇಕಾಗಿತ್ತೇನು? ಒಂಟಿದೋ, ಜೋಡಿದೋ?”

ಎಷ್ಟು ಚೆಂದದ ನೆವ, ತಾನಾಗಿ ಬಂದು ಕಾಲಿಗೆ ಬಿದ್ದಿತ್ತು! ಹೂಂ ಅಂದರೆ ಆಯಿತು. ಅಳತೆ, ಬಟ್ಟೆ, ಹತ್ತಿ ಎಂದು ನಾಲ್ಕು ಸಲ ಬಂದುಹೋಗಬಹುದು. ಪರದೆಯ ಹಿಂದೆ ಮಹೆಕ ತುಟಿ ಕಚ್ಚಿದಳು. ಅನ್ನಬೇಡ, ಹೂಂ ಅನ್ನಬೇಡ.

ಅಝೀಮ ಅವ್ವನ ಕಡೆ ಒಮ್ಮೆ ನೋಡಿದ.

“ಗಾದಿ ಅಲ್ರಿ,” ಎಂದ. “ನಿಮ್ಮ ಮಗಳನ್ನ ಕೇಳಾಕ ಬಂದೇನ್ರಿ.”

ಹತ್ತಿ ಹಿಂಜುವ ಕೈ ನಿಂತಿತು. ದಸ್ತಗೀರಸಾಬ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. “ಕೈ ಯಾಕ ಹಿಂದ ಇಟ್ಟೀ? ಮುಂದ ತಾ.”

ಅಝೀಮ ತಂದ.

“ಮಷಿನ್‌ನ್ಯಾಗ ಸಿಕ್ಕಿತ್ರಿ. ಡಿಟಿಪಿ ಕೆಲಸಾ ಮಾಡ್ತೀನಿ.”

“ಈ ಕೈಲೆ ಕೆಲಸಾ ನಡೀತೈತೇನು?”

“ನಡೀತಿದ್ದಿಲ್ರಿ. ನಿಮ್ಮ ಮಗಳು ನಡಿಯೂಹಂಗ ಮಾಡ್ಯಾರ.”

ದಸ್ತಗೀರಸಾಬ ಪರದೆಯ ಕಡೆ ನೋಡಿದ. ಅದು ಗಾಳಿಯಿಲ್ಲದೆ ಅಲುಗಾಡುತ್ತಿತ್ತು. ತಿಂಗಳಿನಿಂದ ಮಗಳು ಯಾಕೆ ತಡವಾಗಿ ಬರುತ್ತಿದ್ದಳು, ಯಾಕೆ ತಾರಸಿ ಮೇಲೆ ನಿಂತು ಫೋನಿಗೆ ನಗುತ್ತಿದ್ದಳು, ಎಲ್ಲ ಆ ಅಲುಗಾಟದಲ್ಲೇ ಓದಿಕೊಂಡವನಂತೆ ಕಂಡಿತು.

“ಹಂಗಾರ,” ಎಂದ ಕೊನೆಗೆ, ಮುಖ ಬಿಗಿಯಾಗಿಯೇ ಇತ್ತು, “ಗಾದಿ ಬ್ಯಾಡಾ?”

“ಈಗ ಬ್ಯಾಡ್ರಿ.” ಅಝೀಮನ ಕಿವಿ ಪೂರಾ ಕೆಂಪಾದವು, ಆದರೂ ಹೇಳಿಯೇಬಿಟ್ಟ. “ನೀವು ಹೂಂ ಅಂದ್ರ, ಆಮ್ಯಾಲೆ ಜೋಡಿದು ಬೇಕಾಗತೈತಿ.”

“ಯಾ ಅಲ್ಲಾ!” ಎಂದು ಮಾಸುಮಬಿ ಮಗನ ತೊಡೆಗೆ ಚಿವುಟಿದಳು. ಪರದೆಯ ಹಿಂದೆ ಮಹೆಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಗ ಮುಂದಿನ ಕೋಣೆಯಿಂದ ಕೇಳಿಸಿತು: ಅಪ್ಪ ನಗುತ್ತಿದ್ದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಕೋಣೆಯ ತುಂಬ ಹತ್ತಿ ಹಾರುವಂತೆ.